ತುಟಿ ಎಳೆದು ನೋಡಿದವರು

ಊರವರನ್ನು, ಮನೆಯವರನ್ನು, ಬೀಗರಾಗಬೇಕಿದ್ದವರನ್ನು ಶೈಲಶ್ರೀ ಕೇಳಿಕೊಂಡದ್ದು ಒಂದೇ ಒಂದು: ಎರಡು ವಾರ ನನ್ನ ಬಾಯಿಯ ತಂಟೆಗೆ ಬರಬೇಡಿ. ಕೆಳದುಟಿಯ ಹಿಂದೆ, ಮುಂದಿನ ಒಂದು ಹಲ್ಲಿನ ಬುಡದಲ್ಲಿ ಡಾಕ್ಟರು ಹೊಲಿದಿಟ್ಟ ಉಗುರಿನಷ್ಟು ಚರ್ಮ ಅಲ್ಲೇ ಕಚ್ಚಿಕೊಂಡು ಬದುಕುವವರೆಗೆ ಯಾರೂ ಅದನ್ನು ಮುಟ್ಟಬಾರದು, ಅಷ್ಟೇ. ಕುರನೂರಿನಂಥ ಊರಿನಲ್ಲಿ ಇದು ಎಷ್ಟು ದೊಡ್ಡ ಬೇಡಿಕೆ ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ.

ಅವಳ ಹಲ್ಲಿನ ಕಥೆ ಹಳೆಯದು. ಬಾಯಿ ಚಿಕ್ಕದು, ಹಲ್ಲು ದೊಡ್ಡವು. ಸಂತೆಗೆ ಹೊರಟ ಟೆಂಪೊದಲ್ಲಿ ಮಂದಿ ಕುಳಿತ ಹಾಗೆ ಒಂದರ ಮೇಲೊಂದು ಏರಿ ಕುಳಿತಿದ್ದವು. ಅಕ್ಕಲಕೋಟೆಯ ಮರಾಠಿ ಶಾಲೆಯಲ್ಲಿ ಹುಡುಗರು ಇಟ್ಟ ಅಡ್ಡಹೆಸರು ಯಾವುದೆಂದು ಇವತ್ತಿಗೂ ಅವಳು ಯಾರಿಗೂ ಹೇಳಿಲ್ಲ. ಬಿ.ಎಸ್ಸಿ. ಮುಗಿದ ವರ್ಷ ಅಪ್ಪ ಭೀಮಶಾನ ಮುಂದೆ ಹಟ ಹಿಡಿದು ಕುಳಿತಳು.

"ನನಗ ಬಂಗಾರ ಬ್ಯಾಡ ಅಪ್ಪಾ, ಸ್ಕೂಟಿ ಬ್ಯಾಡ. ಹಲ್ಲಿಗೆ ತಾರ ಹಾಕಸ್ಕೊಡು."

ಭೀಮಶಾ ಕುರನೂರಿನಲ್ಲಿ ನೀರಾವರಿ ಹೊಲ, ದ್ರಾಕ್ಷಿ ತೋಟ ಇರುವ ಕುಳ. ಮಗಳ ಮಾತಿಗೆ ಬೇಗ ಕರಗುತ್ತಿದ್ದ. ಅಂದಿನಿಂದ ತಿಂಗಳಿಗೊಮ್ಮೆ ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟೆ, ಅಲ್ಲಿಂದ ವಳಸಂಗದ ಮೇಲೆ ಹಾಯ್ದು ಸೊಲ್ಲಾಪುರ. ತಂತಿ ಬಿಗಿಸಿಕೊಂಡು ಬಂದಾಗಲೆಲ್ಲ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ಒಮ್ಮೆಯೂ ಗೊಣಗಲಿಲ್ಲ. ತನ್ನ ಇಡೀ ಬದುಕಿನಲ್ಲಿ ತಾನೇ ಬಯಸಿ, ತಾನೇ ಕೇಳಿ ಪಡೆದದ್ದು ಅದೊಂದೇ ಆಗಿತ್ತು.

ಸಂಬಂಧ ಬಂದದ್ದು ಆಮೇಲೆ. ಸೊಲ್ಲಾಪುರದ ನವಿ ಪೇಠೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ನಾಗಣ್ಣನವರ ಮಗ ಸೋಮೇಶ. ಹೆಣ್ಣು ನೋಡಲು ಬಂದ ದಿನ ಸೋಮೇಶನ ತಾಯಿ ಉಮಾಬಾಯಿ ಶೈಲಶ್ರೀಯನ್ನು ಪಕ್ಕಕ್ಕೆ ಕೂಡಿಸಿಕೊಂಡು, ಅವಳು ಉಟ್ಟ ಸೀರೆಯ ಸೆರಗನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದಳು. ಗಂಡನ ಸಮಕ್ಕೆ ಅಂಗಡಿಯ ಗಾದಿಯ ಮೇಲೆ ಕುಳಿತು ವ್ಯಾಪಾರ ಮಾಡಿದವಳು. ಯಾವ ವಸ್ತುವನ್ನಾದರೂ ಬರೀ ಕಣ್ಣಿನಿಂದ ನೋಡಿದರೆ ಅವಳಿಗೆ ನೋಡಿದಂತಾಗುತ್ತಿರಲಿಲ್ಲ.

"ಪೋರಿ ಛಲೋ ಇದ್ದಾಳ. ಈ ತಾರ ಎಂದ ತೆಗೀತಾರ?"

"ಆರೇಳ ತಿಂಗಳದಾಗ ತೆಗೀತಾರ್ರಿ."

"ಆತು. ಈಗ ಸಾಖರಪುಡಾ ಮಾಡೂನು. ತಾರ ತಗದ ಮ್ಯಾಲ ಲಗ್ನ. ಫೋಟೋದಾಗ ಬಾಯಿ ತುಂಬ ಕಬ್ಬಿಣ ಕಾಣಬಾರ್ದು ನೋಡ್ರಿ."

ಎಲ್ಲರೂ ನಕ್ಕರು. ಶೈಲಶ್ರೀಯೂ ನಕ್ಕಳು. ಸೋಮೇಶ ನೋಡಲು ಚೆನ್ನಾಗಿದ್ದ, ಮೆಲ್ಲಗೆ ಮಾತಾಡುತ್ತಿದ್ದ. ಮರುದಿನದಿಂದಲೇ ಮೊಬೈಲಿನಲ್ಲಿ ಮೆಸೇಜು ಶುರುವಾದವು. ಸಾಖರಪುಡಾ, ಅಂದರೆ ನಿಶ್ಚಯ ಕಾರ್ಯ, ದೀಪಾವಳಿ ಮುಗಿದ ಮೇಲೆ ಎಂದು ಗೊತ್ತಾಯಿತು.

ಇಷ್ಟರಲ್ಲಿ ಕೆಳಗಿನ ಹಲ್ಲೊಂದು ಕೈಕೊಟ್ಟಿತು. ಹಲ್ಲೇನೋ ಸಾಲಿಗೆ ಬರುತ್ತಿತ್ತು, ಆದರೆ ಅದರ ಒಸಡು ಜೊತೆಗೆ ಬರಲು ಒಲ್ಲೆನೆಂದು ಕೆಳಗೆ ಜಾರತೊಡಗಿತು. ಬುಡ ಬಯಲಾಗಿ, ತಣ್ಣೀರು ತಗುಲಿದರೆ ನೆತ್ತಿಯವರೆಗೆ ಝುಮ್ಮೆನ್ನುತ್ತಿತ್ತು. ತಂತಿಯ ಡಾಕ್ಟರು ಕೈ ತಡೆದು, ಅವಳನ್ನು ಅದೇ ಕಟ್ಟಡದ ಮೇಲಿನ ಮಹಡಿಗೆ, ಒಸಡಿನ ಡಾಕ್ಟರು ಸಾರಿಕಾ ಅವರ ಹತ್ತಿರ ಕಳಿಸಿದರು. ಸಾರಿಕಾ ಹನ್ನೂರಿನ ಮನೆತನದವರು. ರೋಗಿ ಹಳ್ಳಿಯವರೆಂದು ಕಂಡರೆ ಮರಾಠಿ ಬಿಟ್ಟು ನಮ್ಮ ಕನ್ನಡಕ್ಕೆ ಇಳಿಯುತ್ತಿದ್ದರು.

"ಹಲ್ಲ ಸರಸೂದು ಈಗ ಬಂದ್. ಇಲ್ಲಿ ಒಸಡ ಬಾಳ ತೆಳ್ಳಗ ಐತಿ, ಹಿಂಗ ಸರಸ್ಕೋತ ಹೋದ್ರ ಪೂರಾ ಜಾರ್ತತಿ. ಮ್ಯಾಲ ತಾಳೂದಾಗಿಂದ ಒಂದ ಸಣ್ಣ ತುಂಡ ತಗದು ಇಲ್ಲಿ ಹೊಲೀತೀನಿ. ಅದಕ್ಕ ರಕ್ತ ಹರದು ಹಿಡಕೊಂತಂದ್ರ ಹಲ್ಲ ಉಳೀತು, ತಾರಿನ ಕೆಲಸಾನೂ ಮುಗೀತತಿ. ಇಲ್ಲಂದ್ರ ಹಲ್ಲ ಸಡಲಾಗಿ ಬೀಳ್ತತಿ."

ಭೀಮಶಾನ ಮುಖ ಅರಳಿತು. "ಅಂದ್ರ ಕಲಮ ಕಟ್ಟಿದಂಗ ಅನ್ರಿ! ನಾವೂ ದ್ರಾಕ್ಷಿಗೆ ಹಂಗ ಮಾಡ್ತೀವಲ್ರಿ, ಕಾಡ ಬಳ್ಳಿಗೆ ಛಲೋ ಬಳ್ಳಿ ಕಡ್ಡಿ ಕೂಡಸಿ ಪಟ್ಟಿ ಸುತ್ತತೀವಿ."

"ಬರೋಬರ. ಹಿಡಕೊಳ್ಳೂತನಕ ಅಲಗಾಡಬಾರ್ದು, ಅದೇ ಮುಖ್ಯ."

"ಅದನ್ನ ನನಗ ಹೇಳಬ್ಯಾಡ್ರಿ ಡಾಕ್ಟರಬಾಯಿ. ಕಲಮ ಕಟ್ಟಿದ ಮ್ಯಾಲ ನಾ ನನ್ನ ಹೆಣತಿನ್ನೂ ಬಳ್ಳಿ ಹತ್ರ ಬಿಡಂಗಿಲ್ಲ!"

ಆಪರೇಶನ್ನು ಸುಸೂತ್ರವಾಗಿ ಮುಗಿಯಿತು. ಅಂಗುಳದಲ್ಲಿ ಉರಿ, ಕೆಳದುಟಿಯೊಳಗೆ ಸಣ್ಣ ಸಣ್ಣ ಹೊಲಿಗೆಗಳು. ಸಾರಿಕಾ ಅವಳನ್ನೂ ತಾಯಿ ದ್ರೌಪದಿಯನ್ನೂ ಎದುರಿಗೆ ಕೂಡಿಸಿಕೊಂಡು ಒತ್ತಿ ಒತ್ತಿ ಹೇಳಿದರು. ತಣ್ಣನೆಯ ಗಂಜಿ, ಮೊಸರನ್ನ. ಖಾರ ಬೇಡ, ಬಿಸಿ ಬೇಡ, ಆ ಕಡೆ ಬ್ರಶ್ ಬೇಡ. ಮಾತು ಆದಷ್ಟು ಕಡಿಮೆ, ನಗು ಬೇಡ.

"ಮತ್ತ ತುಟಿ ಎಳದ ನೋಡೂದು ಅಂತೂ ಬ್ಯಾಡೇ ಬ್ಯಾಡ. ಎಲ್ಲಾರೂ ಇದೊಂದ ತಪ್ಪ ಮಾಡ್ತಾರ. ಹ್ಯಾಂಗ ಕಾಣ್ತತಿ ಅಂತ ಕನ್ನಡಿ ಮುಂದ ನಿಂತು ತುಟಿ ಜಗ್ಗತಾರ, ಹೊಲಿಗಿ ಕೀಳ್ತತಿ. ಎರಡ ವಾರ ಆದ ಮ್ಯಾಲ ನಾನ ನೋಡ್ತೀನಿ, ಬ್ಯಾರೆ ಯಾರೂ ನೋಡಬಾರ್ದು."

ದ್ರೌಪದಿ ಹೂಂ ಹೂಂ ಎಂದು ತಲೆಯಾಡಿಸಿದಳು.

ಅಂದು ಸಂಜೆ ಶೈಲಶ್ರೀ ಸೋಮೇಶನಿಗೆ ಮೆಸೇಜು ಹಾಕಿದಳು: ಅಂಗುಳದಿಂದ ತುಂಡು ತೆಗೆದಿದ್ದಾರೆ, ತುಂಬ ನೋಯುತ್ತಿದೆ, ಮಾತಾಡಲು ಆಗುವುದಿಲ್ಲ. ಅವನು ಅಳುವ ಮುಖದ ಚಿತ್ರ ಕಳಿಸಿದ. ಆಮೇಲೆ ಊಟಕ್ಕೆ ಕುಳಿತಾಗ ತಾಯಿಯ ಕಿವಿಗೆ ಅಷ್ಟನ್ನು ಹಾಕಿದ: ಶೈಲಶ್ರೀಯ ಬಾಯಿಯ ಆಪರೇಶನ್ ಆಯಿತಂತೆ, ತುಂಡು ತೆಗೆದರಂತೆ.

ಈ ಸೀಮೆಯಲ್ಲಿ ಬಾಯಿ, ಆಪರೇಶನ್, ತುಂಡು ಎಂಬ ಮೂರು ಮಾತು ಒಂದೇ ಉಸಿರಿನಲ್ಲಿ ಬಂದರೆ ಅದಕ್ಕೆ ಇರುವ ಅರ್ಥ ಒಂದೇ. ತಂಬಾಕು, ಮಾವಾ, ಮಿಸ್ರಿ ಎಂದು ಬಾಯಲ್ಲಿ ಏನಾದರೊಂದು ಇಟ್ಟುಕೊಂಡೇ ಬದುಕುವ ಮಂದಿ. ಯಾರ ಮನೆಯಲ್ಲಿ ನೋಡಿದರೂ ಒಬ್ಬ ಕಾಕಾ, ಒಬ್ಬ ಮಾವ ಕೆನ್ನೆಗೆ ಟವೆಲು ಸುತ್ತಿಕೊಂಡು ಹೋದವನಿದ್ದಾನೆ. ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು, ಅದೇ, ಎನ್ನುತ್ತಾರೆ. ಉಮಾಬಾಯಿ ವಳಸಂಗದಲ್ಲಿದ್ದ ತಂಗಿಗೆ ಫೋನು ಮಾಡಿ ವಿಚಾರಿಸಿದಳು. ತಂಗಿ ಅಕ್ಕಲಕೋಟೆಯಲ್ಲಿ ವಿಚಾರಿಸಿದಳು. ಹೀಗೆ ವಿಚಾರಿಸುತ್ತ ವಿಚಾರಿಸುತ್ತಲೇ ಸುದ್ದಿ ಬೆಳೆದು, ಭೀಮಶಾನ ಮಗಳ ಬಾಯಲ್ಲಿ ಅದೇ ಅಂತೆ ಎಂದಾಗಿ, ಕುರನೂರಿನ ಅವಳ ಮನೆಯ ಬಾಗಿಲಿಗೇ ಬಂದು ನಿಂತಿತು.

ಬಾಗಿಲಿಗೆ ತಂದವಳು ಎದುರು ಮನೆಯ ಸೋನಾಬಾಯಿ. ಕೈಯಲ್ಲಿ ಎಳನೀರು, ಸೊಂಟದಲ್ಲಿ ಮಿಸ್ರಿಯ ಡಬ್ಬಿ. ಹೊಗೆಸೊಪ್ಪನ್ನು ಕಪ್ಪಗೆ ಸುಟ್ಟು ಮಾಡಿದ ಆ ಪುಡಿಯನ್ನು ಒಸಡಿಗೆ ತಿಕ್ಕಿ ತಿಕ್ಕಿಯೇ ಅವಳು ಮುಂದಿನ ನಾಲ್ಕು ಹಲ್ಲು ಕಳೆದುಕೊಂಡಿದ್ದಳು.

"ಏನವ್ವಾ ದ್ರೌಪದಿ, ನಮಗ ಒಂದ ಮಾತ ಹೇಳಬಾರ್ದೇನು? ಊರ ತುಂಬ ಮಾತಾಡಾಕತ್ಯಾರ. ಅದೇ ಅಂತ, ಖರೇನ?"

ದ್ರೌಪದಿಯ ಮುಖದಲ್ಲಿ ರಕ್ತ ಉಳಿಯಲಿಲ್ಲ. "ಯಾವದು? ಯಾರ ಹೇಳಿದ್ರು? ಒಸಡಿಗೆ ಹೊಲಿಗಿ ಹಾಕ್ಯಾರ, ಅಷ್ಟ!"

"ಅಷ್ಟ ಇದ್ರ ಛಲೋನೇ ಆತು. ತೋರ್ಸು, ಕಣ್ಣಿಲೆ ನೋಡಿದ್ರ ನಾ ನಾಕ ಮಂದಿಗೆ ಹೇಳ್ತೀನಿ."

ಆಗಲೇ ದ್ರೌಪದಿ ತಪ್ಪಿದಳು. ತೋರಿಸುವುದಿಲ್ಲ ಎಂದರೆ ಮುಚ್ಚಿಡುತ್ತಿದ್ದಾರೆ ಎನ್ನುತ್ತಾರೆ, ಮುಚ್ಚಿಟ್ಟರೆ ಅದೇ ಖರೆ ಎನ್ನುತ್ತಾರೆ, ಬೀಗರ ಕಿವಿಗೆ ಬೀಳುತ್ತದೆ. ಹೀಗೆ ಲೆಕ್ಕ ಹಾಕಿ ಆಕೆ ಮಗಳ ಕಡೆ ತಿರುಗಿದಳು. "ಶೈಲೂ, ಒಂದೀಟ ತೋರ್ಸವ್ವಾ. ಮಂದಿ ಬಾಯಿ ಮುಚ್ಚತತಿ."

ಮಂದಿಯ ಬಾಯಿ ಮುಚ್ಚಿಸಲು ತನ್ನ ಬಾಯಿ ತೆರೆಯಬೇಕು! ಶೈಲಶ್ರೀ ಕಣ್ಣು ಕೆಂಪಗೆ ಮಾಡಿ ಬೇಡವೆಂದು ತಲೆಯಾಡಿಸಿದಳು. ದ್ರೌಪದಿ ಕೈ ಮುಗಿಯುವುದೊಂದು ಬಾಕಿ. ಕೊನೆಗೆ ಶೈಲಶ್ರೀ ತುಟಿಯನ್ನು ಕೂದಲೆಳೆಯಷ್ಟು ಕೆಳಗೆ ಮಾಡಿದಳು.

"ಕಾಣವಲ್ದು. ಇನ್ನಷ್ಟ ಜಗ್ಗು," ಎಂದಳು ಸೋನಾಬಾಯಿ. ಕಂಡ ಮೇಲೆ ಮೂಗು ಸಿಂಡರಿಸಿ, "ಬೆಳ್ಳಗ ಆಗೇತಲ್ಲ. ನಾಕ ದಿನ ಮಿಸ್ರಿ ಹಚ್ಚಿ ತಿಕ್ಕು, ಗಟ್ಟಿ ಆಗ್ತತಿ," ಎಂದು ಔಷಧಿಯನ್ನೂ ಹೇಳಿ ಹೋದಳು.

ಅವಳು ನಾಲ್ಕು ಮಂದಿಗೆ ಹೇಳಿದ್ದರಿಂದ ಆ ನಾಲ್ವರೂ ಬಂದರು. ಬಿಸ್ಕೀಟಿನ ಪುಡಿಕೆ ಹಿಡಿದು ಬಂದರು, ಬಾಳೆಹಣ್ಣು ಹಿಡಿದು ಬಂದರು. ಈ ಊರಿನಲ್ಲಿ ಕಾಯಿಲೆಯವರನ್ನು ಮಾತಾಡಿಸಲು ಬಂದವರು ಗಾಯ ನೋಡದೆ ಹೋದರೆ ಬಂದಂತೆಯೇ ಅಲ್ಲ. ಕಾಲು ಮುರಿದರೆ ಕಾಲು ಮುಟ್ಟಿ ನೋಡಬೇಕು, ಹೊಟ್ಟೆ ಕೊಯ್ದರೆ ಹೊಲಿಗೆ ಎಣಿಸಬೇಕು. ಎತ್ತಿನ ಪೇಟೆಯಲ್ಲಿ ಎತ್ತಿನ ಬಾಯಿ ತೆರೆಸಿ ವಯಸ್ಸು ನೋಡುವಂತೆ ಒಬ್ಬೊಬ್ಬರೂ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಎತ್ತಾದರೆ ತಲೆ ಕೊಡವುತ್ತದೆ. ಶೈಲಶ್ರೀ ಒಳಗೊಳಗೇ ಕುದಿಯುತ್ತ ಸುಮ್ಮನೆ ಕುಳಿತಳು, ಯಾಕೆಂದರೆ ಬೈಯಲು ಬಾಯಿ ತೆರೆದರೆ ಆ ಹೊಲಿಗೆಗೇ ಅಪಾಯ.

ಸಂಜೆ ನಾಗಣ್ಣನವರ ಫೋನು ಬಂತು. ನಾಳೆ ಹಿಂಗೇ ಬಂದು ಮಾತಾಡಿಸಿ ಹೋಗುತ್ತೇವೆ ಎಂದರು. ಭೀಮಶಾ ಫೋನು ಇಟ್ಟು, ತಲೆಯ ಮೇಲೆ ಕೈ ಹೊತ್ತು ಕುಳಿತ.

"ನೋಡಾಕ ಬರಾಕತ್ಯಾರ. ಅವರೂ ಕೇಳ್ಯಾರ ಸುದ್ದಿ. ನಾಳೆ ಬಂದಾಗ ಸರಿಯಾಗಿ ತೋರ್ಸು, ಮುಖ ಗಂಟ ಹಾಕಬ್ಯಾಡ."

ಶೈಲಶ್ರೀ ಹಲ್ಲು ಅಲುಗದಂತೆ, ತುಟಿ ಆಡದಂತೆ, ಗಂಟಲಿನಿಂದಲೇ ಮಾತಾಡಿದಳು. "ಅಪ್ಪಾ, ನಿನ್ನ ಕಲಮಕ್ಕ ಯಾರರ ಕೈ ಹಚ್ಚಿದ್ರ ಬಡ್ಯಾಕ ಹೋಗತಿ. ನನ್ನ ಬಾಯಿಗೆ ಊರಾನ ಮಂದಿ ಬೆರಳ ಹಾಕಾಕತ್ಯಾರ. ನಿನ್ನ ದ್ರಾಕ್ಷಿ ಬಳ್ಳಿಗಿಂತ ಕಡಿಮಿ ಆದೇನು ನಾ?"

"ಅದು ಬ್ಯಾರೆ, ಇದು ಬ್ಯಾರೆ. ಬಳ್ಳಿಗೆ ಲಗ್ನ ಮಾಡೂದಿಲ್ಲ ನಾ!" ಎಂದು ಭೀಮಶಾ ಸಿಡುಕಿ ಎದ್ದುಹೋದ. ಅವನ ಸಿಟ್ಟಿನ ಒಳಗೆ ಭಯವಿತ್ತು. ಅದು ಕಂಡರೂ ಶೈಲಶ್ರೀಗೆ ಅಪ್ಪನ ಮೇಲೆ ಕನಿಕರ ಬರಲಿಲ್ಲ. ಅವನೇ ಕಟ್ಟಿದ ಬಳ್ಳಿಯ ವಿಷಯಕ್ಕೆ ಇದ್ದ ಬುದ್ಧಿ ಮಗಳ ವಿಷಯಕ್ಕೆ ಎಲ್ಲಿ ಹೋಯಿತು ಎಂದು ಉರಿ ಹತ್ತಿತು.

ನಾಗಣ್ಣ, ಉಮಾಬಾಯಿ ಕಾರಿನಲ್ಲಿ ಬಂದರು. ಸೇಬು, ದಾಳಿಂಬೆ ತುಂಬಿದ ಬುಟ್ಟಿ ತಂದಿದ್ದರು. ತಾರಿನ ಹಲ್ಲಿನವಳಿಗೆ, ಗಂಜಿ ಕುಡಿಯುವವಳಿಗೆ, ಸೇಬು! ಕುಶಲ ಕೇಳುವುದು ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ಮುಗಿಯಿತು. ಉಮಾಬಾಯಿ ಕನ್ನಡಕ ಏರಿಸಿಕೊಂಡು ಶೈಲಶ್ರೀಯನ್ನು ಕಿಟಕಿಯ ಹತ್ತಿರ ಕರೆದಳು.

"ಬಾ ಯವ್ವಾ, ಬೆಳಕಿಗೆ ಬಾ. ನೋಡೂನು ಏನ ಮಾಡ್ಯಾರ."

ಶೈಲಶ್ರೀ ಕೈಯಿಂದ ಬೇಡ ಎಂದಳು. ಡಾಕ್ಟರು ಬೇಡ ಅಂದಿದ್ದಾರೆ ಎಂದು ಗಂಟಲಿನಿಂದ ಹೇಳಿದಳು. ಭೀಮಶಾ ಹಿಂದಿನಿಂದ, "ತೋರ್ಸವ್ವಾ, ನಮ್ಮವರೇ ಅಲ್ಲ," ಎಂದ. ದ್ರೌಪದಿ ಚಹದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು. ಶೈಲಶ್ರೀ ತುಟಿಯನ್ನು ಒಂದಿಷ್ಟು ಇಳಿಸಿದಳು.

ಉಮಾಬಾಯಿಗೆ ಕಣ್ಣಿನಿಂದ ನೋಡಿ ಗೊತ್ತಿಲ್ಲವಲ್ಲ. ಹೆಬ್ಬೆರಳು, ತೋರುಬೆರಳು ಮುಂದೆ ಬಂದವು. ಕೆಳದುಟಿಯನ್ನು ಸೀರೆಯ ಅಂಚು ಹಿಡಿದಂತೆ ಹಿಡಿದು, ಗಲ್ಲದವರೆಗೆ ಎಳೆದು, ಹೆಬ್ಬೆರಳನ್ನು ಒಳಗೆ ಹಾಕಿ ಗಂಟು ಗಿಂಟು ಇದೆಯೇ ಎಂದು ಉದ್ದಕ್ಕೂ ತಿಕ್ಕಿ ನೋಡಿದಳು. ಏನೋ ಪಟಕ್ಕೆಂದು ಕಿತ್ತಿತು. ಶೈಲಶ್ರೀಯ ಕಣ್ಣು ಕತ್ತಲಿಟ್ಟಿತು.

"ಏನೂ ಇಲ್ಲರಿ!" ಉಮಾಬಾಯಿ ಗಂಡನ ಕಡೆ ತಿರುಗಿ ದೊಡ್ಡ ಧ್ವನಿಯಲ್ಲಿ ಸಾರಿದಳು. "ಗಂಟಿಲ್ಲ, ಗಾಠಿಲ್ಲ. ಸ್ವಚ್ಛ ಐತಿ!"

ಹಾಗೆ ಸಾರುತ್ತ ಹೆಬ್ಬೆರಳಿನ ರಕ್ತವನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು. ಆ ರಕ್ತವನ್ನು ಯಾರೂ ನೋಡಲಿಲ್ಲ. ನೋಡಲಿಲ್ಲ ಎನ್ನುವುದು ಸುಳ್ಳು, ನೋಡಿದರು. ಆದರೆ ಅದೇ ರೋಗ ಅಲ್ಲ ಎಂಬ ಖುಷಿಯಲ್ಲಿ ಅಷ್ಟು ರಕ್ತ ಯಾವ ಲೆಕ್ಕ? ನಾಗಣ್ಣ, "ನಾ ಮದಲ ಹೇಳಿದ್ನಿ," ಎಂದು ಭೀಮಶಾನ ಬೆನ್ನು ತಟ್ಟಿದ. ಭೀಮಶಾ ಬಾಯಿ ತುಂಬ ನಕ್ಕ. "ಚಾ ತಾರವ್ವಾ! ಖಾರದ ಅವಲಕ್ಕಿನೂ ತಾ!"

ಶೈಲಶ್ರೀ ಹಿತ್ತಲಿನ ಮೋರಿಗೆ ಓಡಿ ಬಗ್ಗಿದಳು. ಬಾಯಿ ತುಂಬ ಬಂದ ರಕ್ತ ಉಗುಳಿದಳು. ಬಿಳಿಯ ಕಲ್ಲಿನ ಮೇಲೆ ಕರಿ ದಾರದ ಎಳೆ ಬಿತ್ತು, ದಾರಕ್ಕೆ ಅಂಟಿಕೊಂಡು ಅವಳದೇ ಅಂಗುಳದ ಚರ್ಮದ ಚೂರು. ಹಿಂದೆ ದ್ರೌಪದಿ ಬಂದು ನಿಂತಿದ್ದಳು. ಆಕೆಯೂ ಅದನ್ನು ಕಂಡಳು. ಬಾಯಿಗೆ ಸೆರಗು ಒತ್ತಿಕೊಂಡಳು. ಒಳಗಿನಿಂದ ಮತ್ತೆ, "ಚಾ!" ಎಂದು ಕೂಗು ಬಂತು. ದ್ರೌಪದಿ ಮಗಳ ಬೆನ್ನ ಮೇಲೆ ಒಂದು ಕ್ಷಣ ಕೈ ಇಟ್ಟು, ತಿರುಗಿ, ಚಹ ಕೊಡಲು ಹೋದಳು. ಆ ಹೋದದ್ದನ್ನು ಕ್ಷಮಿಸಲು ಶೈಲಶ್ರೀಗೆ ಉಮಾಬಾಯಿಯ ಹೆಬ್ಬೆರಳನ್ನು ಕ್ಷಮಿಸುವುದಕ್ಕಿಂತ ಹೆಚ್ಚು ದಿನ ಬೇಕಾಯಿತು.

ಕಾರು ಹೋದ ಸ್ವಲ್ಪ ಹೊತ್ತಿಗೆ ಸೋಮೇಶನ ಮೆಸೇಜು ಬಂತು. ಆಯಿ ನೋಡಿದಳಂತೆ, ಎಲ್ಲಾ ಕ್ಲಿಯರ್ ಅಂತೆ, ನನ್ನ ಟೆನ್ಶನ್ ಹೋಯಿತು. ಒಳಗಿನದೊಂದು ಫೋಟೋ ಕಳಿಸು, ಮಾಮಾ ಕೇಳುತ್ತಿದ್ದಾನೆ. ಶೈಲಶ್ರೀ ಹತ್ತಿಯನ್ನು ತುಟಿಗೆ ಒತ್ತಿಕೊಂಡು ಆ ಮೆಸೇಜನ್ನು ಓದಿದಳು.

ಮರುದಿನ ಸೊಲ್ಲಾಪುರದಲ್ಲಿ ಸಾರಿಕಾ ಬಾಯಿ ನೋಡಿ ಕೈಗವಸು ಕಿತ್ತು ಬುಟ್ಟಿಗೆ ಎಸೆದರು.

"ಯಾರ ಎಳದವರು?"

ಭೀಮಶಾ ನೆಲ ನೋಡಿದ. "ಮಲಗಿದಾಗ ತಾನ ಬಿಚ್ಚಿರಬೇಕ್ರಿ."

"ಸುಳ್ಳ ಹೇಳಬ್ಯಾಡ್ರಿ. ಇದು ಬಿಚ್ಚಿದ್ದಲ್ಲ, ಕಿತ್ತಿದ್ದು. ದಿವಸಾ ಇಲ್ಲಿ ಇಂಥಾವ ನೋಡ್ತೀನಿ ನಾ." ಅವರು ಶೈಲಶ್ರೀಯ ಕಡೆ ತಿರುಗಿದಾಗ ಧ್ವನಿ ಇಳಿಯಿತು. "ಹಾಕಿದ ತುಂಡ ಹೋತವ್ವಾ. ತಾಳು ತುಂಬಿ ಬರಲಿ, ಎರಡ ತಿಂಗಳ ಬಿಟ್ಟು ಇನ್ನೊಂದ ಬಾಜೂದಿಂದ ತಗದ ಹಾಕೂನು. ಆದ್ರ ಒಂದ ಮಾತು. ಆ ತುಂಡೂ ಹೋತಂದ್ರ ಈ ಹಲ್ಲಿನ ಆಸೆ ಬಿಡು. ಮತ್ತ ಇದು ಗಟ್ಟಿ ಆಗೂತನಕ ತಾರಿನ ಕೆಲಸಾನೂ ಮುಂದ ಹೋಗಂಗಿಲ್ಲ."

ಶೈಲಶ್ರೀ ಕುರ್ಚಿಯಲ್ಲಿ ಮಲಗಿಯೇ ಮೇಲಿನ ದೀಪವನ್ನು ನೋಡಿದಳು. ಒಂದು ಹಲ್ಲು. ಅದಕ್ಕಾಗಿ ಎಷ್ಟು ಸಲ ಬಸ್ಸು ಹತ್ತಿದಳು, ಎಷ್ಟು ನೆನೆಸಿದ ರೊಟ್ಟಿ ನುಂಗಿದಳು. ಅದರ ಹೊಲಿಗೆ ಕಿತ್ತವರು ಖಾರದ ಅವಲಕ್ಕಿ ತಿಂದು ಹೋದರು.

ಕೆಳಗಿಳಿದ ಮೇಲೆ ಭೀಮಶಾ, "ಊರಿಗೆ ಬಂದೀವಿ, ಅಂಗಡಿಗೆ ಹಣಕಿ ಹಾಕಿ ಹೋಗೂನು. ಹಂಗ ಹೋದ್ರ ಬೀಗರು ಬ್ಯಾರೆ ತಿಳಕೋತಾರ," ಎಂದ. ಶೈಲಶ್ರೀಯೇ ಮುಂದೆ ಮುಂದೆ ನಡೆದಳು.

ಅಂಗಡಿಯಲ್ಲಿ ಉಮಾಬಾಯಿ ಗಾದಿಯ ಮೇಲೆ ಕುಳಿತು ಗಿರಾಕಿಯೊಬ್ಬಳಿಗೆ ಇಳಕಲ್ ಸೀರೆ ಬಿಚ್ಚಿ ತೋರಿಸುತ್ತಿದ್ದಳು. ಸೋಮೇಶ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತಿದ್ದ. ಇವರನ್ನು ಕಂಡು ಉಮಾಬಾಯಿ ಸೀರೆ ಅಲ್ಲೇ ಬಿಟ್ಟು ಮುಂದೆ ಬಗ್ಗಿದಳು.

"ಬರ್ರಿ ಬರ್ರಿ. ಏನಂದ್ಳು ಡಾಕ್ಟರು? ಬಾ ಇಲ್ಲಿ, ನೋಡೂನು."

ಕೈ ಮತ್ತೆ ತುಟಿಯ ಕಡೆ ಬಂತು. ಶೈಲಶ್ರೀ ಆ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದಳು. ಬಳೆಗಳು ಒತ್ತುವಷ್ಟು ಬಿಗಿಯಾಗಿ ಹಿಡಿದಳು.

"ಮುಟ್ಟಬ್ಯಾಡ್ರಿ."

ಗಿರಾಕಿ ಸೀರೆ ಬಿಟ್ಟು ಇವರನ್ನೇ ನೋಡಿದಳು. ಉಮಾಬಾಯಿ ನಗಲು ನೋಡಿದಳು. "ಅಯ್ಯ, ಕಾಳಜಿಲೆ ನೋಡಾಕ ಬಂದ್ರ..."

"ಕಾಳಜಿ ಇದ್ದಿಲ್ರಿ. ಮಾಲ ಕೆಟ್ಟೇತೇನು ಅಂತ ನೋಡಿದ್ರಿ. ಹೊಲಿಗಿ ಬಿಚ್ಚತಾವ, ಮಾತಾಡಬ್ಯಾಡ ಅಂದಿದ್ರು ಡಾಕ್ಟರು. ಅದಕ್ಕ ನಿನ್ನೆ ಸುಮ್ಮ ಕುಂತೆ. ನೀವು ಹೊಲಿಗಿ ಕಿತ್ತೀರಿ. ಈಗ ನನಗ ಮಾತಾಡಾಕ ಏನೂ ಅಡ್ಡಿ ಇಲ್ಲ." ಅವಳ ಕೆಳದುಟಿ ಊದಿತ್ತು, ಮಾತು ತೊದಲುತ್ತಿತ್ತು, ಆದರೆ ನಿಲ್ಲಲಿಲ್ಲ. "ಈ ಸಂಬಂಧ ನನಗ ಬ್ಯಾಡ."

"ಶೈಲೂ, ಏನ ಮಾತಿದು? ಆಯಿ ಹಿರ್ಯಾಕಿ," ಎಂದ ಸೋಮೇಶ.

"ನೀವು ಫೋಟೋ ಕೇಳಿದ್ರಿ. ನೋವು ಹ್ಯಾಂಗೈತಿ ಅಂತ ಕೇಳಲಿಲ್ಲ."

ಉಮಾಬಾಯಿ ಕೈ ಕೊಸರಿ ಬಿ‍ಡಿಸಿಕೊಂಡಳು. ಈಗ ಅವಳ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. "ವಿಚಾರ ಮಾಡಿ ಮಾತಾಡು ಪೋರಿ. ಏನಿಲ್ಲ ಅಂತ ನಾನ ನಿಂತು ಎಲ್ಲಾರಿಗೂ ಹೇಳೀನಿ. ಈಗ ಮುರೀತಂದ್ರ ಏನ ಅರ್ಥ ಆಗ್ತತಿ ಗೊತ್ತೈತೇನು? ಬಾಯಾಗ ಅದೇ ಇತ್ತು, ನೋಡಿ ಬಂದು ಬಿಟ್ರು ಅಂತಾರ. ಅಕ್ಕಲಕೋಟಿಂದ ಸೊಲ್ಲಾಪುರತನಕ ಒಬ್ಬನೂ ನಿಮ್ಮ ಹೊಸ್ತಲ ತುಳಿಯಂಗಿಲ್ಲ."

ಅದು ಬೆದರಿಕೆ ಮಾತ್ರವಲ್ಲ, ನಿಜವೂ ಆಗಿತ್ತು. ಅಲ್ಲಿದ್ದ ಪ್ರತಿಯೊಬ್ಬರಿಗೂ ಅದು ಗೊತ್ತಿತ್ತು, ಗಿರಾಕಿಗೂ. ಭೀಮಶಾ ಮಗಳ ತೋಳು ಹಿಡಿದುಕೊಂಡ. "ಶೈಲೂ, ನಿನಗ ಕೈ ಮುಗೀತೀನಿ. ಹಂಗ ಅನ್ನಾಕ ಬಿಡಬ್ಯಾಡ ಮಂದೀನ."

"ಅನ್ಲಿ," ಎಂದಳು ಶೈಲಶ್ರೀ.

ಮಂದಿ ಅಂದರು. ಬಾಯಿ ತುಂಬ ಅಂದರು. ಬಂದು ನೋಡಿದವರೂ ಅಂದರು. ಸೋನಾಬಾಯಿಯಂತೂ ಬೆಳ್ಳಗೆ ಕಂಡಾಗಲೇ ನನಗೆ ಗೊತ್ತಾಗಿತ್ತು ಎಂದು ಸಾಕ್ಷಿ ನುಡಿದಳು. ಭೀಮಶಾ ಮಗಳೊಡನೆ ಮಾತು ಬಿಟ್ಟ, ಹಗಲೆಲ್ಲ ತೋಟದಲ್ಲೇ ಇರತೊಡಗಿದ. ದೀಪಾವಳಿ ಬಂತು, ಹೋಯಿತು, ಅವರ ಮನೆಯಲ್ಲಿ ಯಾವ ಕಾರ್ಯವೂ ನಡೆಯಲಿಲ್ಲ.

ಎರಡು ತಿಂಗಳು ತುಂಬಿದ ಮೇಲೆ ಎರಡನೆಯ ಆಪರೇಶನ್ನಿಗೆ ಹೋದದ್ದು ತಾಯಿ ಮಗಳು ಇಬ್ಬರೇ. ಸಾರಿಕಾ ಹೇಳಿದ್ದನ್ನೆಲ್ಲ ದ್ರೌಪದಿ ಈ ಸಲ ತಲೆಯಾಡಿಸದೆ, ಹೂಂ ಅನ್ನದೆ, ಕಣ್ಣು ಮಿಟುಕಿಸದೆ ಕೇಳಿದಳು. ಬಸ್ಸಿನಲ್ಲಿ ಮಗಳನ್ನು ಕಿಟಕಿಯ ಕಡೆ ಕೂಡಿಸಿ, ಯಾರ ಮೊಳಕೈಯೂ ತಾಗದಂತೆ ತಾನು ಅಡ್ಡ ಕುಳಿತಳು. ತಾಯಿ ಮಗಳ ನಡುವೆ ಆ ಚಹದ ದಿನದ ಮಾತು ಬಂದಿರಲಿಲ್ಲ. ಶೈಲಶ್ರೀಗೆ ಎತ್ತುವ ಮನಸ್ಸಿರಲಿಲ್ಲ, ದ್ರೌಪದಿಗೆ ಧೈರ್ಯವಿರಲಿಲ್ಲ.

ಮೂರನೆಯ ದಿನ ಸೋನಾಬಾಯಿ ಬಂದಳು. ಜೊತೆಗೆ ಮುಕ್ತಾಬಾಯಿ, ಸುಮಿತ್ರಾಬಾಯಿ, ಮೂವರ ಕೈಯಲ್ಲೂ ಎಳನೀರು. ದ್ರೌಪದಿ ಬಾಗಿಲಿನ ಎರಡೂ ಕಡೆ ಕೈ ಚಾಚಿ ಹೊಸ್ತಿಲ ಮೇಲೆ ನಿಂತಳು.

"ಮತ್ತೊಂದ ಆಪ್ರೇಶನ್ ಆತಂತಲ್ಲ, ಪಾಪ. ಬಾಜೂ ಸರಿ, ಮಾತಾಡಿಸಿ ಹೋಗತೀವಿ," ಎಂದಳು ಸೋನಾಬಾಯಿ.

"ಮಾತಾಡಂಗಿಲ್ಲ ಆಕಿ."

"ಮಾತ ಬ್ಯಾಡ, ಒಂದ ಸಲ ನೋಡಿ ಹೋಗತೀವಿ. ಏನ ಮುಚ್ಚಿಡ್ತಿ ನಮ್ಮ ಮುಂದ? ತೋರ್ಸಲಿಲ್ಲಂದ್ರ ಮಂದಿ ಅದೇ ಅಂತಾರ ನೋಡ ದ್ರೌಪದಿ. ನಿನ್ನ ಸಲುವಾಗೇ ಹೇಳಾಕತ್ತೀನಿ."

ಒಳಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಶೈಲಶ್ರೀಗೆ ಎಲ್ಲ ಕೇಳುತ್ತಿತ್ತು. ಈಗ ಅವ್ವ ಕರೆಯುತ್ತಾಳೆ ಎಂದುಕೊಂಡು ಅವಳು ಮುಷ್ಟಿ ಬಿಗಿದಳು. ಬದಲಿಗೆ, ಹುಟ್ಟಿದಾಗಿನಿಂದ ಅವಳು ಕೇಳದ ಒಂದು ಧ್ವನಿ ಬಾಗಿಲಿನಿಂದ ಓಣಿಯ ಆ ತುದಿಯವರೆಗೆ ಹೋಯಿತು.

"ಹೌದು, ಅದೇ ಐತಿ! ನನ್ನ ಮಗಳ ಬಾಯಾಗ ಅದೇ ರೋಗ ಐತಿ! ಊರ ತುಂಬ ಹೇಳ್ರಿ, ವಳಸಂಗಕ್ಕ ಹೇಳ್ರಿ, ಸೊಲ್ಲಾಪುರಕ್ಕ ಹೇಳಿ ಕಳಸ್ರಿ! ಆದ್ರ ಆಕಿ ತುಟಿಗೆ ಇನ್ನ ಯಾರರ ಬೆರಳ ಹಚ್ಚಿದ್ರ, ಆ ಬೆರಳ ಮುರದ ಕೈಯಾಗ ಕೊಡ್ತೀನಿ!"

ಓಣಿಯಲ್ಲಿ ಯಾರದೋ ರೇಡಿಯೋ ನಿಂತಿತು. ಒಂದು ಎಳನೀರು ಕೈತಪ್ಪಿ ಉರುಳಿದ ಸದ್ದು ಬಂತು. ಬಾಗಿಲು ಹಾಕಿಕೊಂಡಿತು, ಚಿಲಕ ಬಿತ್ತು. ದ್ರೌಪದಿ ಒಳಗೆ ಬಂದಳು. ಮಗಳ ಮುಖ ನೋಡದೆ ಒಲೆಯ ಹತ್ತಿರ ಕುಳಿತು, ಗಂಜಿಯನ್ನು ತಟ್ಟೆಗೆ ಬಗ್ಗಿಸಿ, ಅದು ತಣ್ಣಗಾಗಲೆಂದು ಸೆರಗಿನಿಂದ ಗಾಳಿ ಹಾಕತೊಡಗಿದಳು.